ಮೊದಲು ಮಾತಾಡಿದವರು

ಜೇಬಿನಲ್ಲಿ ಪೆನ್ನು ಇಟ್ಟುಕೊಂಡು ಹೋಗಬಾರದು ಎಂದು, ಮನೆ ಕೊಳ್ಳುವುದನ್ನು ಕಲಿಸುವ ಕೋಚ್ ಹೇಳಿದ್ದ. ಪೆನ್ನು ಕಂಡರೆ ಮನೆ ಮಾರುವವನಿಗೆ, ಇವನು ಸಹಿ ಹಾಕಲು ತುದಿಗಾಲಲ್ಲಿ ನಿಂತಿದ್ದಾನೆ ಎಂದು ತಿಳಿದುಹೋಗುತ್ತದಂತೆ. ಅವನು ಕನ್ನಡಿಯ ಮುಂದೆ ನಿಂತು ಪೆನ್ನನ್ನು ತೆಗೆದು ಮೇಜಿನ ಮೇಲಿಟ್ಟ. ಬರಿದಾದ ಜೇಬನ್ನು ನೋಡಿಕೊಂಡಾಗ ಯಾರದೋ ಅಂಗಿ ಹಾಕಿಕೊಂಡ ಹಾಗೆ ಅನಿಸಿತು. ಮತ್ತೆ ಸಿಕ್ಕಿಸಿದ, ಮತ್ತೆ ತೆಗೆದ. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸಿ ನಂಬರು ಬರೆದುಕೊಳ್ಳುವವನು ಅವನು. ಪೆನ್ನಿಲ್ಲದೆ ಹೊರಗೆ ಕಾಲಿಟ್ಟ ದಿನವೇ ನೆನಪಿರಲಿಲ್ಲ. ಒಳಗಿನಿಂದ ಹೆಂಡತಿ, "ರೀ, ಹೊರಟೇಬಿಟ್ರಾ? ನಾನೂ ಬರ್ತೀನಿ ಅಂದಿದ್ದೆನಲ್ಲ. ಚಪ್ಪಲಿ ಮೆಟ್ಕೊಳ್ಳೋಷ್ಟಾದ್ರೂ ಪುರುಸೊತ್ತು ಕೊಡಿ" ಎಂದಳು. ಅವಳ ದನಿಯಲ್ಲಿ ಉತ್ಸಾಹವಿತ್ತು. ಅವನು ಪೆನ್ನನ್ನು ಮೇಜಿನ ಮೇಲೇ ಬಿಟ್ಟು ಬಾಗಿಲಿಗೆ ಬಂದ. ಇವತ್ತು ನೋಡಲು ಹೊರಟಿದ್ದು ಗೋಡೆಗೆ ಬಣ್ಣ ಬಳಿಯುವ ಒಬ್ಬ ಮುದುಕ ಪೇಂಟರನ ಮನೆ. ಇಷ್ಟು ದಿನ ಕ್ಲಾಸಿನಲ್ಲಿ ಕಲಿತದ್ದನ್ನು ನಿಜವಾದ ಮನೆಯಲ್ಲಿ, ನಿಜವಾದ ಮನುಷ್ಯನ ಮುಂದೆ ಆಡುವ ಮೊದಲ ದಿನ, ಪ್ರಾಯಶಃ ಕೊನೆಯ ದಿನ ಕೂಡ.

ಕೋಚ್ ನಯವಾಗಿಯೇ ಹೇಳಿದ್ದ. "ನೋಡಿ, ಈ ಮನೆ ನಾವು ಅಂದ್ಕೊಂಡ ರೇಟಿಗೆ ಒಲಿಸ್ಕೊಂಡ್ರೆ ನೀವು ಮೇಲಿನ ಬ್ಯಾಚಿಗೆ. ಅದಕ್ಕೆ ಫೀಸು ಬೇರೆ. ಆಗ್ಲಿಲ್ಲಾಂದ್ರೆ ಬೇಜಾರು ಮಾಡ್ಕೋಬೇಡಿ, ಇದು ನಿಮಗೆ ಒಗ್ಗಲ್ಲ ಅಂತ ಬಿಟ್ಬಿಡೋಣ." ಬಿಟ್ಟುಬಿಡುವುದು! ಅಂಗಡಿಯ ಮಾಲೀಕರಂತೂ ಮೊದಲ ದಿನವೇ ನಕ್ಕಿದ್ದರು. ಮನೆ ಕೊಂಡು ಬಾಡಿಗೆಗೆ ಕೊಡುವುದನ್ನೂ ದುಡ್ಡು ಕೊಟ್ಟು ಕಲಿಯುತ್ತಾರಾ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲಪ್ಪ, ಎಂದಿದ್ದರು. ಅವನೂ ಜೊತೆಗೆ ನಕ್ಕಿದ್ದ. ಒಂದು ಸಣ್ಣ ಮನೆ, ಅದರಿಂದ ಬರುವ ಬಾಡಿಗೆ, ಅದರ ಬಲದ ಮೇಲೆ ಹೆಂಡತಿ ದಿನವಿಡೀ ಜನರ ದೂರು ಕೇಳುವ ಆ ಫೋನಿನ ಕೆಲಸ ಬಿಡುವುದು, ಇಷ್ಟೇ ಅವನ ಲೆಕ್ಕಾಚಾರವಾಗಿತ್ತು. ಆದರೆ ಈಗ ಮನೆ ಸಿಗದೇ ಹೋದೀತು ಎಂಬ ಚಿಂತೆ ಅವನಿಗಿರಲಿಲ್ಲ. ಕ್ಲಾಸು ಬಿಟ್ಟರೆ ಸಂಜೆಗಳು ಬಿಟ್ಟುಹೋಗುತ್ತವೆ ಎಂಬುದು ಅವನ ಭಯ. ಅದನ್ನು ಯಾರ ಹತ್ತಿರ ಹೇಳುವುದು? ಐವತ್ತು ದಾಟಿದ ಗಂಡಸು, ನನ್ನ ಹೆಂಡತಿ ನನ್ನ ಜೊತೆ ಮಾತಾಡುತ್ತಿರಲಿ ಎಂದು ಫೀಸು ಕಟ್ಟುತ್ತಿದ್ದೇನೆ ಎಂದರೆ ಯಾರಾದರೂ ನಗುತ್ತಾರೆ.

ಕೋಚ್ ಮೊದಲು ಸಿಕ್ಕಿದ್ದು ಅಂಗಡಿಯಲ್ಲೇ. ಮೂವತ್ತರ ಆಸುಪಾಸಿನ ಹುಡುಗ, ತೆಳ್ಳಗೆ, ಬೂಟು ಮಾತ್ರ ಬಹಳ ಹೊಳೆಯುತ್ತಿತ್ತು. ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುತ್ತಾ, ಇದು ಸ್ಪಷ್ಟವೋ ಇದೋ ಎಂದು ಕೇಳಿದರೆ ಎಲ್ಲಕ್ಕೂ ಸ್ಪಷ್ಟ ಸ್ಪಷ್ಟ ಎನ್ನುತ್ತಿದ್ದ. ಕಣ್ಣಿಗೆ ಯಾವ ದೋಷವೂ ಇರಲಿಲ್ಲ. ಕೊನೆಗೆ ತಲೆ ತಗ್ಗಿಸಿ, "ನಂಬರ್ ಇಲ್ದೇ ಇದ್ರೂ ಪರವಾಗಿಲ್ಲ, ದಪ್ಪ ಫ್ರೇಮಿಂದು ಒಂದು ಮಾಡ್ಕೊಡಿ. ನಾಲ್ಕು ಜನರ ಮುಂದೆ ನಿಂತು ಮಾತಾಡೋ ಕೆಲಸ" ಎಂದ. ಬರೀ ಗಾಜಿನ ಕನ್ನಡಕ ಮಾಡಿಕೊಟ್ಟದ್ದು ಇವನೇ. ಈಗ ಪೀಠೋಪಕರಣದ ಅಂಗಡಿಯ ಮೇಲೆ ನಡೆಯುವ ಕ್ಲಾಸಿನಲ್ಲಿ, ವಾರ್ನಿಷ್ ವಾಸನೆಯ ನಡುವೆ, ಕೋಚ್ ಆ ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಏರಿಸಿಕೊಂಡು, "ಮನೆ ಕಟ್ಟಿ ನೋಡು ಅಂದ್ರು ಹಿರಿಯರು. ನಾನು ಹೇಳ್ತೀನಿ, ಕಟ್ಟೋದು ಬೇಡ, ಕಟ್ಟಿ ಸುಸ್ತಾದವನನ್ನ ಹುಡುಕಿ" ಎಂದಾಗ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ಇವನಿಗೆ ಮಾತ್ರ ಅಯ್ಯೋ ಪಾಪ ಎನಿಸುತ್ತಿತ್ತು. ಕಣ್ಣು ಚೆನ್ನಾಗಿದ್ದೂ ಕನ್ನಡಕ ಹಾಕಿಕೊಳ್ಳುವವನಿಗೆ ಒಳಗೆ ಏನೋ ಅಳುಕು ಇರಬೇಕು. ಈ ವಿಷಯ ಅವನು ಹೆಂಡತಿಗೂ ಹೇಳಿರಲಿಲ್ಲ. ಗಿರಾಕಿಯ ನಂಬರು ಗಿರಾಕಿಗೆ ಮಾತ್ರ ಎಂಬುದು ಅವನ ನೇಮ, ಅದು ಸೊನ್ನೆಯಾದರೂ ಸರಿ.

ಕೋಚ್ ಹೇಳಿಕೊಟ್ಟದ್ದರಲ್ಲಿ ಮುಖ್ಯವಾದದ್ದು ಒಂದೇ. ಮಾರುವವನು ಮೊದಲು ಹೇಳುವ ಕಾರಣ ಬರೀ ಮುಚ್ಚಳ. ಅದನ್ನು ಕೇಳಿಸಿಕೊಂಡು, "ಅದು ಸರಿ, ನಿಜವಾದ ಕಾರಣ ಏನು?" ಎಂದು ಕೇಳಬೇಕು. ಕೇಳಿ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಎಷ್ಟು ಹೊತ್ತಾದರೂ ಸರಿ. ಆ ಮೌನ ತಡೆಯಲಾರದೆ ಅವನು ಬಾಯಿ ಬಿಡುತ್ತಾನೆ, ಒಳಗಿನ ಸಂಕಟ ಹೊರಗೆ ಬೀಳುತ್ತದೆ, ರೇಟು ತಾನಾಗಿ ಇಳಿಯುತ್ತದೆ. ಮೊದಲು ಮಾತಾಡಿದವನು ಸೋತ. ಇದನ್ನು ಎಲ್ಲರ ಮುಂದೆ ಆಡಿ ತೋರಿಸು ಎಂದು ಕೋಚ್ ಇವನನ್ನು ಎಬ್ಬಿಸಿದ್ದ. ಮಾರುವವನಾಗಿ ನಿಂತ ಸಹಪಾಠಿ, "ಮೊಣಕಾಲು ನೋವು, ಮೆಟ್ಟಿಲು ಹತ್ತೋಕಾಗಲ್ಲ, ಅದಕ್ಕೇ ಮಾರ್ತಿದ್ದೀನಿ" ಎಂದ. ಇವನು ಸುಮ್ಮನಿರಬೇಕಿತ್ತು. ಬಾಯಿ ತಾನಾಗಿ, "ಯಾವ ಕಾಲು ಸರ್?" ಎಂದುಬಿಟ್ಟಿತು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ಕ್ಲಾಸಿನಲ್ಲಿ ಅವನ ಹೆಸರೇ 'ಯಾವ ಕಾಲು' ಎಂದಾಯಿತು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಯಾರೋ, "ನಿಧಾನ, ಯಾವ ಕಾಲು ಮೊದ್ಲು ಇಡ್ತೀರಿ?" ಎಂದರು. ಅವನು ನಕ್ಕಹಾಗೆ ಮಾಡಿ ಇಳಿದ. ಬಸ್ಸಿನಲ್ಲಿ ಕೂತ ಮೇಲೆ ಕಿವಿ ಬಿಸಿಯಾಗಿದ್ದು ಗೊತ್ತಾಯಿತು.

ಆ ಸಂಜೆ ಮನೆಗೆ ಬಂದು, ಹೆಂಡತಿ ಬಟ್ಟೆ ಮಡಚುತ್ತಿದ್ದಾಗ, ಬಾಗಿಲಲ್ಲಿ ನಿಂತು ತೊದಲುತ್ತಾ, "ಒಂದು ಸಹಾಯ ಮಾಡ್ತೀಯಾ? ಸುಮ್ನೆ ಆಟಕ್ಕೆ. ನೀನು ಮನೆ ಮಾರೋಳು, ನಾನು ಕೊಳ್ಳೋನು. ನನಗೆ ಕೇಳೋದು ಅಭ್ಯಾಸ ಆಗ್ಬೇಕು" ಎಂದಿದ್ದ. ಅವಳು ಅವನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡ. ಅವಳು ಮಡಚಿದ ಶಾಲನ್ನು ಬಿಡಿಸಿ ತಲೆಮೇಲೆ ಹೊದ್ದು, ಕುರ್ಚಿಯ ತುದಿಯಲ್ಲಿ ಕೂತು, ಮೂಗಿನಲ್ಲಿ ಮಾತಾಡುವ ಒಬ್ಬ ಜಿಪುಣಿಯಾಗಿಬಿಟ್ಟಳು. "ಬಂದ್ರಾ ಸಾರ್, ಬನ್ನಿ, ಫ್ಯಾನ್ ಹಾಕ್ತಿದ್ದೆ, ಆದ್ರೆ ಚಳಿ ಅಲ್ವಾ." ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನ ಅವಳು ಜಗಳವಾಡುವ ಅಣ್ಣತಮ್ಮಂದಿರಾದಳು, ಇಬ್ಬರೂ ಅವಳೇ, ಒಂದು ಬಾಯಲ್ಲಿ ಮಾರೋಣ ಎಂದು ಇನ್ನೊಂದು ಬಾಯಲ್ಲಿ ಬೇಡ ಎಂದು. ಇನ್ನೊಂದು ದಿನ, ಬಂದವನಿಗೆ ಮದುವೆಯಾಗಿದೆಯೇ ಎಂದೇ ವಿಚಾರಿಸುವ ವಿಧವೆ. ಈ ದನಿಗಳೆಲ್ಲ ಅವಳಿಗೆ ಎಲ್ಲಿಂದ ಬಂದವು ಎಂದು ಅವನಿಗೆ ಆಮೇಲೆ ಹೊಳೆಯಿತು. ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಅವಳು ಬೆಳಗಿನಿಂದ ಸಂಜೆವರೆಗೆ ಕೂರುತ್ತಾಳೆ. ನಲ್ಲಿ ಬಾರದವರು, ಪೈಪು ಒಡೆದವರು, ಕೊಚ್ಚೆ ನೀರು ಬಂದವರು, ಎಲ್ಲರ ಸಿಟ್ಟೂ ಅವಳ ಕಿವಿಗೆ. ಊರಿನ ದನಿಗಳೆಲ್ಲ ಅವಳೊಳಗೆ ಹೋಗಿ ಕೂತಿದ್ದವು. ಪ್ರತಿ ಸಂಜೆ ಆಟದ ಕೊನೆಗೆ ಅವನು ಕೇಳಬೇಕಾದದ್ದನ್ನು ಕೇಳುತ್ತಿದ್ದ: "ಅದು ಸರಿ, ನಿಜವಾದ ಕಾರಣ ಏನು?" ಅವಳು ಆ ದಿನದ ವೇಷಕ್ಕೆ ತಕ್ಕ ಒಂದು ಕಾರಣ ಹುಟ್ಟಿಸಿ ಹೇಳುತ್ತಿದ್ದಳು. ದೀಪ ಹಾಕುವುದನ್ನೂ ಮರೆತು ಇಬ್ಬರೂ ನಗುತ್ತಾ ಕೂತಿರುತ್ತಿದ್ದರು.

ಈಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖಮಾಡಿ ಸುಮ್ಮನೆ ಕೂತಿದ್ದಳು. ಹಳೆಯ ಮೌನ ಅಲ್ಲೇ, ಇಬ್ಬರ ನಡುವಿನ ಸೀಟಿನ ಸಂದಿಯಲ್ಲೇ ಇತ್ತು. ಅವನು ಅದನ್ನು ಚೆನ್ನಾಗಿ ಬಲ್ಲ, ಏಕೆಂದರೆ ಸಾಕಿ ಬೆಳೆಸಿದವನು ಅವನೇ. ಮದುವೆಯಾದ ಹೊಸದರಲ್ಲಿ ಒಂದು ದಿನ, ದೊಡ್ಡ ಪೈಪು ಒಡೆದು ಅರ್ಧ ಊರಿಗೆ ನೀರಿಲ್ಲದ ದಿನ, ಅವಳು ಮನೆಗೆ ಬಂದವಳೇ ತಲೆ ಹಿಡಿದು ಕೂತು, "ದಮ್ಮಯ್ಯ, ನನ್ನ ಮಾತಾಡಿಸಬೇಡಿ" ಎಂದಿದ್ದಳು. ಅವನಿಗೆ ಎಷ್ಟು ಮರುಕ ಬಂದಿತ್ತು! ದಿನವಿಡೀ ಮಾತಿಗೆ ಸಿಕ್ಕಿ ನಜ್ಜುಗುಜ್ಜಾಗಿ ಬರುವವಳಿಗೆ ಮನೆಯಲ್ಲಾದರೂ ನೆಮ್ಮದಿ ಇರಲಿ ಎಂದು ರೇಡಿಯೋ ಸಣ್ಣ ಮಾಡಿದ. ಬಾಗಿಲನ್ನು ಎತ್ತಿ ಹಿಡಿದು ಮುಚ್ಚುವುದನ್ನು ಕಲಿತ. ಲೋಟವನ್ನು ಬಟ್ಟೆಯ ಮೇಲಿಡುವುದನ್ನು ಕಲಿತ. ತನ್ನ ಅಂಗಡಿಯ ಕಥೆಗಳನ್ನು ತಾನೇ ನುಂಗಿಕೊಂಡ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ. ಅವಳಿಗೆ ಬೇರೆ ಬಂಗಾರ ಕೊಡಿಸಲಾಗದಿದ್ದರೂ ಇದನ್ನು ಧಾರಾಳವಾಗಿ ಕೊಡುತ್ತಿದ್ದೇನೆ ಎಂಬ ಸಣ್ಣ ಹೆಮ್ಮೆ ಕೂಡ ಅವನಿಗಿತ್ತು. ಹಾಗಾದರೆ ಈ ಸಂಜೆಯ ಆಟವನ್ನು ಅವಳು ಆಡುತ್ತಿರುವುದು ಯಾಕೆ? ಗಂಡ ನಾಲ್ಕು ಜನರ ಮುಂದೆ ನಗೆಪಾಟಲಾಗಬಾರದು ಎಂದು, ಸುಸ್ತಾದ ನಾಲಿಗೆಯನ್ನು ಇನ್ನಷ್ಟು ಸವೆಸುತ್ತಿದ್ದಾಳೆಯೇ? ಕೇಳಬೇಕು ಅನಿಸಿತು. ಕೇಳುವುದು ಹೇಗೆ ಎಂದು ಗೊತ್ತಾಗಲಿಲ್ಲ. "ಗಾಳಿ ಜಾಸ್ತಿ ಆಯ್ತಾ? ಕಿಟಕಿ ಹಾಕ್ಲಾ?" ಎಂದ. ಅವಳು ಬೇಡ ಎಂದು ತಲೆಯಾಡಿಸಿದಳು.

ಪೇಂಟರನ ಮನೆ ಹುಡುಕುವುದೇನೂ ಕಷ್ಟವಾಗಲಿಲ್ಲ. ಬೀದಿಯಲ್ಲಿ ಎಲ್ಲ ಮನೆಗೂ ಒಂದೊಂದು ಬಣ್ಣ, ಈ ಮನೆಯ ಮುಂಗೋಡೆಗೇ ಮೂರು. ಒಳಗೆ ಹೋದರೆ ಇನ್ನೂ ಚಂದ. ಹಜಾರದ ನಾಲ್ಕು ಗೋಡೆ ನಾಲ್ಕು ಬಗೆ, ಅದರಲ್ಲೂ ಒಂದು ಗೋಡೆ ಸೊಂಟದವರೆಗೆ ಹಸಿರು, ಮೇಲೆ ಹಳದಿ, ನಡುವೆ ಡಬ್ಬಿ ಖಾಲಿಯಾದ ಕಡೆ ನಿಂತ ಗೆರೆ. ಮುದುಕ ಮಡಚುವ ಕುರ್ಚಿಗಳನ್ನು ಬಿಡಿಸಿ ಹಾಕುತ್ತಾ, "ಇದೆಲ್ಲಾ ಉಳಿದ ಬಣ್ಣ ಕಣಪ್ಪಾ. ಈ ನೀಲಿ ಆಸ್ಪತ್ರೇದು. ಹಳದಿ ಶಾಲೇದು. ಈ ಗುಲಾಬಿ ಯಾರೋ ಹೊಸ ಮದುವೆಯವರ ಕೋಣೇದು, ಅವರು ಮೂರೇ ದಿನಕ್ಕೆ ಬೇಡ ಅಂದ್ರು, ಬಣ್ಣಾನ, ಮದುವೇನಲ್ಲ" ಎಂದು ನಕ್ಕ. ಬಲಗೈಯ ಉಗುರಿನ ಸುತ್ತ ಇನ್ನೂ ಬಿಳಿ ಇತ್ತು. ಹೆಂಡತಿ ಹಸಿರು ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಸವರಿದಳು. ಇವನಿಗೆ ಕೋಚ್ ಹೇಳಿದ್ದು ನೆನಪಾಯಿತು: ಕುಂದು ಎತ್ತಿ ತೋರಿಸಿ, ಗೋಡೆಯೆಲ್ಲ ಹೊಸದಾಗಿ ಬಳಿಸಬೇಕು ಅನ್ನಿ, ಅಲ್ಲಿಂದಲೇ ರೇಟು ಇಳಿಸೋಕೆ ಶುರು ಮಾಡಿ. ಗಂಟಲಿನವರೆಗೆ ಬಂತು. ಇಡೀ ಜೀವಮಾನ ಊರಿಗೆ ಬಣ್ಣ ಬಳಿದವನ ಎದುರು ಕೂತು ನಿನ್ನ ಗೋಡೆ ಚೆನ್ನಾಗಿಲ್ಲ ಎನ್ನುವುದೇ? ನುಂಗಿಕೊಂಡ. ಮೊದಲ ಮೆಟ್ಟಿಲಲ್ಲೇ ಜಾರಿದೆ ಅಂದುಕೊಂಡ.

"ಯಾಕೆ ಮಾರ್ತಿದ್ದೀರಿ ಯಜಮಾನ್ರೇ?" ಎಂದು ಕೇಳಿದ.

"ಏಣಿ ಹತ್ತೋಕಾಗಲ್ಲಪ್ಪಾ ಇನ್ನು. ಮಗಳ ಮನೆ ಕೆಳಗೆ ಒಂದು ಕೋಣೆ ಖಾಲಿ ಬಿದ್ದಿದೆ. ಮೊಮ್ಮಗಳು ದಿನಾ ಫೋನ್ ಮಾಡಿ ಬಾ ಬಾ ಅಂತಾಳೆ. ಅವಳ ಕೋಣೆಗೆ ಆಕಾಶ ಬಳೀಬೇಕಂತೆ, ನಕ್ಷತ್ರ ಸಮೇತ." ಮುದುಕನ ಮುಖವೆಲ್ಲ ಸುಕ್ಕಾಗಿ ಅರಳಿತು.

ಇದು ಮುಚ್ಚಳ. ಇದರ ಕೆಳಗೆ ಇನ್ನೊಂದು ಇರಬೇಕು. ಅವನು ಬೆನ್ನು ನೆಟ್ಟಗೆ ಮಾಡಿ, ಪೆನ್ನಿಲ್ಲದ ಜೇಬನ್ನು ಮುಟ್ಟಿಕೊಂಡು, ದಿನಾ ಸಂಜೆ ಕೇಳುವ ದನಿಯಲ್ಲೇ, "ಅದು ಸರಿ, ನಿಜವಾದ ಕಾರಣ ಏನು?" ಎಂದ. ಬಾಯಿ ಮುಚ್ಚಿದ.

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. ಪ್ರಶ್ನೆ ಅವನಿಗೆ ಅರ್ಥವಾದಂತಿರಲಿಲ್ಲ. ಹಿತ್ತಲಲ್ಲಿ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಬೀದಿಯಲ್ಲಿ ಸೈಕಲ್ಲೊಂದು ಚೈನು ಕಿರುಗುಡಿಸುತ್ತಾ ಹೋಯಿತು. ಇವನು ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದಿದ್ದ. ಈ ಮೌನ ಸಂಜೆಯದಲ್ಲ. ಸಂಜೆಯ ಮೌನದಲ್ಲಿ ಮುಂದೆ ಬರುವ ನಗು ಮೊದಲೇ ಬಂದು ಕಾದಿರುತ್ತಿತ್ತು. ಇದು ಒಬ್ಬ ಸುಖವಾಗಿ ಹೊರಟ ಮುದುಕನ ಮುಂದೆ ಕೂತು, ನಿನಗೆ ಏನಾದರೂ ದುಃಖ ಇರಲೇಬೇಕು, ಕೊಡು ಎಂದು ಕೈಚಾಚಿದ ಹಾಗಿತ್ತು. ಸಾಕು, ಏನಾದರೂ ಹೇಳಿಬಿಡೋಣ ಎಂದು ಅವನು ಉಸಿರೆಳೆದುಕೊಂಡ. ಅಷ್ಟರಲ್ಲಿ ಹಸಿರು ಗೋಡೆಯ ಕಡೆಯಿಂದ ಹೆಂಡತಿ ಮಾತಾಡಿದಳು.

"ಮನೇಲಿ ಕೊರತೆ ಅಂತ ಏನೂ ಇಲ್ಲ ಸಾರ್," ಎಂದಳು. ಸಂಜೆಯ ದನಿ, ಆದರೆ ಜಿಪುಣಿಯದಲ್ಲ, ವಿಧವೆಯದಲ್ಲ, ಅವನು ಈವರೆಗೆ ಕೇಳದ ದನಿ. "ಗಾಳಿ ಬೆಳಕು ಚೆನ್ನಾಗಿದೆ. ಯಜಮಾನ್ರೂ ಒಳ್ಳೇವ್ರು. ನಾನು ಬಂದ ತಕ್ಷಣ ರೇಡಿಯೋ ಸಣ್ಣ ಮಾಡ್ತಾರೆ. ಬಾಗ್ಲು ಸದ್ದಾಗದ ಹಾಗೆ ಹಾಕ್ತಾರೆ. ಲೋಟ ಇಟ್ರೂ ಗೊತ್ತಾಗಲ್ಲ, ಅಷ್ಟು ಒಳ್ಳೇವ್ರು. ಆದ್ರೆ ಏನೂ ಕೇಳಲ್ಲ. ದಿನಾ ಊರಿನವರ ದೂರೆಲ್ಲಾ ಕೇಳ್ಕೊಂಡು ಬರ್ತೀನಿ, ನಿಂದೇನಮ್ಮಾ ಅಂತ ಒಬ್ರೂ ಕೇಳಲ್ಲ. ಒಂದ್ಸಲ ಕೇಳಿದ್ರೆ ಸಾಕಾಗಿತ್ತು ಸಾರ್. ಮಾರೋ ಮಾತೇ ಬರ್ತಿರ್ಲಿಲ್ಲ."

ಹೇಳಿ ಮುಗಿದ ಮೇಲೆ ಅವಳಿಗೆ ತಾನು ಎಲ್ಲಿದ್ದೇನೆ ಎಂದು ತಿಳಿಯಿತು. ಇದು ಅವರ ಮನೆಯಲ್ಲ. ಮಾರುವವಳು ತಾನಲ್ಲ. ಆ ಪ್ರಶ್ನೆ ಕೇಳಿದೊಡನೆ ಉತ್ತರಿಸುವುದು ರೂಢಿಯಾಗಿ ನಾಲಿಗೆ ತಾನಾಗಿ ಹೊರಟುಬಿಟ್ಟಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಮುದುಕ ಅವಳನ್ನೊಮ್ಮೆ ಇವನನ್ನೊಮ್ಮೆ ನೋಡಿ, ತುಂಬ ಮೆಲ್ಲಗೆ, "ತಾಯೀ, ಇದು ನನ್ನ ಮನೆ ವಿಷಯ ಅಲ್ಲ ಅನ್ಸುತ್ತೆ" ಎಂದ.

ಅವನಿಗೆ ಮುಖ ಎಲ್ಲಿಡುವುದು ತಿಳಿಯಲಿಲ್ಲ. ನಾಚಿಕೆ ಮೊದಲು ಬಂತು, ಪರರ ಎದುರು ಬೆತ್ತಲಾದ ನಾಚಿಕೆ. ಅದರ ಬೆನ್ನಿಗೇ ಎದೆ ಹಿಂಡುವ ಇನ್ನೊಂದು. ಎಷ್ಟು ಜತನದಿಂದ ಮುಚ್ಚಿದ್ದೆ ಆ ಬಾಗಿಲುಗಳನ್ನು! ಪ್ರತಿಯೊಂದು ಸದ್ದನ್ನೂ ಅವಳಿಗಾಗಿ ಕೊಂದೆ ಅಂದುಕೊಂಡಿದ್ದೆ, ಅವಳು ಸದ್ದಿಗೇ ಕಾಯುತ್ತಾ ಕೂತಿದ್ದಳು. ಮೌನ ಮತ್ತೆ ಬೆಳೆಯತೊಡಗಿತು. ಮೊದಲು ಮಾತಾಡಿದವನು ಸೋತ, ಎಂದು ತಲೆಯೊಳಗೆ ಬರೀ ಗಾಜಿನ ಕನ್ನಡಕವೊಂದು ಹೇಳಿತು.

"ನೀನೇ ಹೇಳಿದ್ದೆಯಲ್ಲೇ, ಮಾತಾಡಿಸಬೇಡಿ ಅಂತ," ಎಂದ ಅವನು.

"ಯಾವಾಗ?"

"ದೊಡ್ಡ ಪೈಪು ಒಡೆದ ದಿನ. ತಲೆ ಹಿಡ್ಕೊಂಡು ಕೂತು, ದಮ್ಮಯ್ಯ ಅಂದೆ."

ಅವಳು ನೆನಪಿಸಿಕೊಳ್ಳಲು ಹೊತ್ತು ಹಿಡಿಯಿತು. ಆಮೇಲೆ ಸೆರಗು ಬಾಯಿಂದ ಜಾರಿತು. "ಅದು ಆವತ್ತಿಗೆ ಕಣ್ರೀ!" ಎಂದಳು. ಅಳುವೂ ನಗುವೂ ಒಟ್ಟಿಗೇ ಬಂದು ಎರಡೂ ಸರಿಯಾಗಿ ಬರಲಿಲ್ಲ. "ಆವತ್ತೊಂದಿನಕ್ಕೆ!"

ಪೇಂಟರ್ ಎದ್ದು ಒಳಗೆ ಹೋದ. ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತಾ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದು, ಎರಡು ಲೋಟ ನೀರು ತಂದಿಟ್ಟ. ಮಾರುವವರ ಮನೆಯಲ್ಲಿ ನೀರು ಕುಡಿಯಬೇಡಿ, ಮುಲಾಜಿಗೆ ಬೀಳ್ತೀರಿ ಎಂದು ಕೋಚ್ ಹೇಳಿದ್ದ. ಅವನು ಗಟಗಟ ಕುಡಿದ. ಲೋಟವನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟ. ಆ ಸದ್ದಿಗೆ ಹೆಂಡತಿ ತಲೆಯೆತ್ತಿ ನೋಡಿದಳು.

"ಯಜಮಾನ್ರೇ, ರೇಟಿನ ಮಾತು..." ಎಂದು ಅವನು ಶುರುಮಾಡಿದ.

"ಮೊದ್ಲು ನಿಮ್ಮ ಮನೆ ವ್ಯವಹಾರ ಮುಗಿಸ್ಕೊಂಡು ಬನ್ನಿ," ಎಂದ ಮುದುಕ. "ನನ್ನ ಮನೆ ಎಲ್ಲೂ ಎದ್ದು ಹೋಗಲ್ಲ."

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಒಂದು ಬಸ್ಸು ಬಂತು, ಇಬ್ಬರೂ ಏಳಲಿಲ್ಲ, ಕಂಡಕ್ಟರ್ ಕೈಯಾಡಿಸಿ ಹೋದ. ಕಟ್ಟಿದ ಫೀಸು ಏನಾಯಿತು ಎಂದು ನಾಳೆ ಮಾಲೀಕರು ಕೇಳುತ್ತಾರೆ. ಏನು ಹೇಳುವುದು? ಹುಣಸೆಹಣ್ಣು ಹೊಳೆಯ ಪಾಲಾದದ್ದು ನಿಜ. ಇರಲಿ, ಕೈಯಲ್ಲಿ ಹುಳಿಯ ವಾಸನೆ ಇನ್ನೂ ಇದೆಯಲ್ಲ ಎಂದು ಯೋಚಿಸಿ ಅವನಿಗೇ ನಗು ಬಂತು. ಪಕ್ಕಕ್ಕೆ ತಿರುಗಿದ.

"ನಿಂದೇನು?" ಎಂದು ಕೇಳಿದ.

"ಈಗ ನಾನು ಯಾರು? ಜಿಪುಣೀನಾ, ಅಣ್ಣತಮ್ಮಂದಿರಾ?"

"ನೀನೇ."

ವೇಷವಿಲ್ಲದೆ ಮಾತಾಡುವುದು ಅವಳಿಗೂ ಮರೆತುಹೋಗಿತ್ತು. ಅವನು ಕಾದ. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿಯಲಿಲ್ಲ, ಸುಮ್ಮನೆ ಕಾದ. "ಆ ಹಸಿರು ಗೋಡೆ ನನಗೆ ಇಷ್ಟ ಆಯ್ತು," ಎಂದಳು ಕೊನೆಗೆ. ಹೇಳಿ, ಇದೂ ಒಂದು ಹೇಳುವ ಮಾತೇ ಎಂಬಂತೆ ಅವನ ಮುಖ ನೋಡಿದಳು. "ಯಾಕೆ ಇಷ್ಟ ಆಯ್ತು?" ಎಂದ ಅವನು. ಅವಳು ಹೇಳತೊಡಗಿದಳು. ಹಸಿರಿನಿಂದ ಚಿಕ್ಕಂದಿನ ಶಾಲೆಗೆ, ಶಾಲೆಯಿಂದ ಕಚೇರಿಗೆ, ಕಚೇರಿಯಿಂದ, ನಲ್ಲಿ ಸರಿಯಾಗಿದ್ದರೂ ಫೋನ್ ಮಾಡಿ ನೀರಿನ ಸುದ್ದಿ ಬಿಟ್ಟು ಉಳಿದದ್ದನ್ನೆಲ್ಲ ಹೇಳುವ ಒಬ್ಬ ಅಜ್ಜಿಗೆ. ಇನ್ನೊಂದು ಬಸ್ಸು ಬಂದು ಹೋಯಿತು. ಅವಳ ಕೆನ್ನೆಯ ಮೇಲೆ ಗೋಡೆಯ ಬಣ್ಣದ ಪುಡಿ ಸ್ವಲ್ಪ ಹತ್ತಿತ್ತು, ಒರೆಸಬೇಕು ಅನಿಸಿದರೂ ಎಲ್ಲಿ ಮಾತು ನಿಂತೀತೋ ಎಂದು ಅವನು ಒರೆಸಲಿಲ್ಲ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕೋಚ್. ಅವನು ಅದನ್ನು ಹಿಡಿದುಕೊಂಡು, ಏನು ಹೇಳಲಿ ಎಂದು ಕಕ್ಕಾಬಿಕ್ಕಿಯಾಗಿ ನೋಡಿದ. ಅವಳು ಕೈಚಾಚಿ ಫೋನು ಇಸಿದುಕೊಂಡು, ಕಚೇರಿಯ ದನಿಯಲ್ಲಿ, "ಹೇಳಿ, ನಿಮ್ಮ ದೂರು ಏನು?" ಎಂದಳು.

ಆ ಕಡೆ ಕೋಚ್ ಗಲಿಬಿಲಿಗೊಂಡದ್ದು ಇವನಿಗೂ ಕೇಳಿಸಿತು. "ಮೇಡಂ... ಸರ್ ಇಲ್ವಾ? ಮನೆ ಏನಾಯ್ತು?"

"ಮಾರೋರು ಮನಸ್ಸು ಬದಲಾಯಿಸಿಬಿಟ್ರು ಸಾರ್."

"ಅಯ್ಯೋ. ಹಾಗಾದ್ರೆ ಮೇಲಿನ ಬ್ಯಾಚು?"

"ಅದು ಬೇಡ. ನಾವು ಕೆಳಗಿನದೇ ಇನ್ನೂ ಮುಗಿಸಿಲ್ಲ."

ಕೋಚ್ ಬಹುಶಃ ಕನ್ನಡಕ ತೆಗೆದು ಒರೆಸುತ್ತಿದ್ದ. ಆಮೇಲೆ, ಪಾಠದ ದನಿಯೆಲ್ಲ ಹೋಗಿ, ತಿಳಿದುಕೊಳ್ಳುವ ಆಸೆ ಮಾತ್ರ ಉಳಿದ ಹುಡುಗನ ದನಿಯಲ್ಲಿ ಕೇಳಿದ: "ಏಕಾಏಕಿ ಮನಸ್ಸು ಬದಲಾಯಿಸಿದ್ರಾ? ನಿಜವಾದ ಕಾರಣ ಏನಂತೆ ಮೇಡಂ?"

ಅವಳು ಗಂಡನ ಕಡೆ ನೋಡಿದಳು.

"ಯಾರೋ ಕೇಳಿದ್ರಂತೆ," ಎಂದಳು.